ಮನೆಯೊಳಗಿನ ಗಿಡಗಳ ಜೇಡ ನುಸಿ: ಬುಡಸಮೇತ ತೊಲಗಿಸುವ ಕ್ರಮ

"ಸ್ಪ್ರೇ ಮಾಡಿದೆ, ಒಂದು ವಾರ ಚೆನ್ನಾಗಿತ್ತು, ಈಗ ನೋಡಿದರೆ ಮತ್ತೆ ಬಲೆ ಕಟ್ಟಿದೆ." ಜೇಡ ನುಸಿಯ ಬಗ್ಗೆ ಕೇಳುವವರೆಲ್ಲ ಹೆಚ್ಚುಕಡಿಮೆ ಇದೇ ಮಾತು ಹೇಳುತ್ತಾರೆ. ಬೇವಿನ ಎಣ್ಣೆ ಬಿಟ್ಟು ಸೋಪು ಹಿಡಿಯುತ್ತಾರೆ, ಸೋಪು ಬಿಟ್ಟು ಅಂಗಡಿಯ ಔಷಧಿ ತರುತ್ತಾರೆ. ಫಲ ಮಾತ್ರ ಅದೇ. ಬಹಳ ಸಲ ತಪ್ಪು ಔಷಧಿಯದ್ದಲ್ಲ. ಮೊಟ್ಟೆ ಉಳಿದಿರುತ್ತದೆ, ಎರಡನೇ ಸ್ಪ್ರೇ ತಡವಾಗಿರುತ್ತದೆ, ಪಕ್ಕದ ಕುಂಡವನ್ನು ಯಾರೂ ತಿರುಗಿಸಿ ನೋಡಿರುವುದಿಲ್ಲ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ನಡುವೆ ಒಂದನ್ನು ಹಾರಿಸಿದರೆ ಮಿಕ್ಕಿದ್ದರ ಶ್ರಮವೂ ವ್ಯರ್ಥ.

## ಶುರು ಮಾಡುವ ಮುಂಚೆ: ದಿನಗಳ ಲೆಕ್ಕ

ಜೇಡ ನುಸಿ ಕೀಟವಲ್ಲ. ಎಂಟು ಕಾಲಿನ ಜೀವಿ, ಜೇಡದ ಬಳಗಕ್ಕೆ ಸೇರಿದ್ದು. ಬೆಳೆದ ಹೆಣ್ಣು ಹೆಚ್ಚೆಂದರೆ ಅರ್ಧ ಮಿಲಿಮೀಟರ್ ಇರುತ್ತದೆ. ಎಲೆಯ ಅಡಿಭಾಗದಲ್ಲಿ ಕೂತು ಒಂದೊಂದೇ ಜೀವಕೋಶ ಚುಚ್ಚಿ ಒಳಗಿನ ರಸ ಹೀರುತ್ತದೆ. ಕೋಶದಲ್ಲಿದ್ದ ಹಸಿರು ಹೋಗಿ ಅಲ್ಲೊಂದು ಮಸುಕಾದ ಚುಕ್ಕೆ ಉಳಿಯುತ್ತದೆ.

ನಿಮಗೆ ಬೇಕಾದ ಮುಖ್ಯ ಲೆಕ್ಕ ಇಷ್ಟು. 25ರಿಂದ 30 ಡಿಗ್ರಿ ಸೆಲ್ಸಿಯಸ್ ಬಿಸಿ ಇರುವ ಕೋಣೆಯಲ್ಲಿ ಮೊಟ್ಟೆಯೊಂದು ಮೊಟ್ಟೆ ಇಡುವ ನುಸಿಯಾಗಲು 7ರಿಂದ 10 ದಿನ ಸಾಕು. ಮೊಟ್ಟೆ ಒಡೆಯಲು 3 ದಿನದ ಆಸುಪಾಸು. ಕೋಣೆ 20 ಡಿಗ್ರಿಯಷ್ಟು ತಂಪಾಗಿದ್ದರೆ ಇದೇ ಚಕ್ರಕ್ಕೆ ಎರಡು ವಾರಕ್ಕಿಂತ ಜಾಸ್ತಿ ಹಿಡಿಯುತ್ತದೆ. ಒಂದು ಹೆಣ್ಣು ನೂರರಷ್ಟು ಮೊಟ್ಟೆ ಇಡಬಲ್ಲದು. ಗಂಡು ಸಿಗದಿದ್ದರೂ ಇಡುತ್ತದೆ. ಹಾಗೆ ಇಟ್ಟ ಮೊಟ್ಟೆಗಳಿಂದ ಗಂಡುಗಳಷ್ಟೇ ಹುಟ್ಟುತ್ತವೆ. ಆಮೇಲೆ ಆ ಗಂಡುಗಳ ಜೊತೆಗೇ ಕೂಡಿ ಹೆಣ್ಣು ಸಂತತಿಯನ್ನೂ ಪಡೆಯುತ್ತದೆ. ಅಂದರೆ ಒಂದೇ ಒಂದು ಹೆಣ್ಣು ತಪ್ಪಿಸಿಕೊಂಡರೂ ಸಂಸಾರ ಮತ್ತೆ ಶುರು.

ಸೋಪಿನ ನೀರು ಓಡಾಡುವ ನುಸಿಯನ್ನು ಕೊಲ್ಲುತ್ತದೆ, ಮೊಟ್ಟೆಯನ್ನು ಬಹುಪಾಲು ಬಿಡುತ್ತದೆ. ಇವತ್ತು ಉಳಿದ ಮೊಟ್ಟೆ ಒಡೆದು, ಆ ಮರಿ ಬೆಳೆದು, ತಾನೂ ಮೊಟ್ಟೆ ಇಡುವುದರೊಳಗೆ ನೀವು ಮತ್ತೆ ಸ್ಪ್ರೇ ಮಾಡಿರಬೇಕು. ಮುಂದೆ ಹೇಳುವ ಎಲ್ಲ ದಿನಾಂಕಗಳೂ ಈ ಲೆಕ್ಕದಿಂದಲೇ ಬಂದವು.

## ಬೇಕಾಗುವ ಸಾಮಾನು

10 ಪಟ್ಟು ದೊಡ್ಡದು ಮಾಡಿ ತೋರಿಸುವ ಒಂದು ಪುಟ್ಟ ಲೆನ್ಸ್ ಮೊದಲು ಬೇಕು. ಮೊಬೈಲ್ ಕ್ಯಾಮೆರಾದ ಮ್ಯಾಕ್ರೋ ಮೋಡ್ ಕೂಡ ನಡೆಯುತ್ತದೆ, ಆದರೆ ಮೊಟ್ಟೆ ಗುರುತಿಸಲು ಲೆನ್ಸ್ ವಾಸಿ. ಜೊತೆಗೆ ಬಿಳಿ ಹಾಳೆ, ಹರಿತವಾದ ಕತ್ತರಿ, ಕಟ್ಟಿ ಬಿಸಾಡಲು ಪ್ಲಾಸ್ಟಿಕ್ ಚೀಲ, ಮೆತ್ತಗಿನ ಬಟ್ಟೆ, ಸಣ್ಣ ಹನಿ ಉದುರಿಸುವ ಸ್ಪ್ರೇ ಬಾಟಲ್, ಅಳತೆಯ ಚಮಚ ಅಥವಾ ಸಿರಿಂಜ್.

ಔಷಧಿಗೆ ಇವುಗಳಲ್ಲಿ ಒಂದು ಸಾಕು: ಗಿಡಗಳಿಗೆಂದೇ ಮಾಡಿದ ಪೊಟ್ಯಾಶಿಯಂ ಸೋಪು, ಬೇವಿನ ಎಣ್ಣೆ, ಇಲ್ಲವೇ ತೋಟಗಾರಿಕೆಯ ಸ್ಪ್ರೇ ಎಣ್ಣೆ. ಬಟ್ಟೆ ಒಗೆಯುವ ಪುಡಿ, ಪಾತ್ರೆ ತೊಳೆಯುವ ಕಡು ದ್ರವ ಬೇಡ. ಅವು ಎಲೆಯ ಮೇಲಿನ ಮೇಣದ ಪದರವನ್ನೇ ತೆಗೆದುಬಿಡುತ್ತವೆ.

ಇನ್ನೊಂದು ಸಾಮಾನನ್ನು ಜನ ಮರೆಯುತ್ತಾರೆ: ಕ್ಯಾಲೆಂಡರ್. ಫೋನಿನಲ್ಲಿ ರಿಮೈಂಡರ್ ಹಾಕಿಕೊಂಡರೂ ಸರಿ.

## ಹಂತ 1: ನುಸಿಯೇ ಹೌದಾ ಅಂತ ಖಚಿತ ಮಾಡಿಕೊಳ್ಳಿ

ಎಲೆ ಹಳದಿಯಾದ ತಕ್ಷಣ ಸ್ಪ್ರೇ ಹಿಡಿದು ನಿಲ್ಲಬೇಡಿ. ಮೊದಲು ಎಲೆಯ ಮೇಲ್ಭಾಗ ನೋಡಿ. ಸೂಜಿಮೊನೆಯಷ್ಟು ಸಣ್ಣ, ಬಿಳಿಚಿದ ಚುಕ್ಕೆಗಳು ಒತ್ತೊತ್ತಾಗಿ ಇವೆಯೇ? ಒದ್ದೆ ಬಟ್ಟೆಯಲ್ಲಿ ಒರೆಸಿದರೂ ಹೋಗದಿದ್ದರೆ ಅದು ಧೂಳಲ್ಲ.

ಈಗ ಎಲೆ ತಿರುಗಿಸಿ. ನಡುನರದ ಎರಡೂ ಬದಿ, ನರಗಳು ಕವಲೊಡೆಯುವ ಮೂಲೆ, ತೊಟ್ಟು ಸೇರುವ ಜಾಗ, ಇಲ್ಲೇ ಅವು ಗುಂಪು ಕಟ್ಟುವುದು. ಲೆನ್ಸ್ ಇಟ್ಟು ಅರ್ಧ ನಿಮಿಷ ಸುಮ್ನೆ ನೋಡುತ್ತಿರಿ. ಮೊದಲು ಏನೂ ಕಾಣುವುದಿಲ್ಲ. ಕಣ್ಣು ಹೊಂದಿಕೊಂಡ ಮೇಲೆ ಬೂದಿ ಉದುರಿದ ಹಾಗಿರುವ ಬಿಳಿ ಚೂರುಗಳು ಕಾಣುತ್ತವೆ. ಅವು ನುಸಿ ಕಳಚಿದ ಪೊರೆಗಳು. ಅವುಗಳ ನಡುವೆ ಗುಂಡಗೆ, ಗಾಜಿನ ಮಣಿಯಂತೆ ಹೊಳೆಯುವುದು ಮೊಟ್ಟೆ. ಮಸುಕು ಹಳದಿ-ಹಸಿರು ಮೈ, ಅದರ ಎರಡು ಪಕ್ಕದಲ್ಲೂ ಒಂದೊಂದು ಕಪ್ಪು ಮಚ್ಚೆ, ನಿಧಾನ ನಡಿಗೆ ಕಂಡರೆ ಅದು ಎರಡು ಚುಕ್ಕೆಯ ಜೇಡ ನುಸಿ. ಮನೆಯೊಳಗಿನ ಗಿಡಗಳಿಗೆ ಸಾಮಾನ್ಯವಾಗಿ ಕಾಟ ಕೊಡುವುದು ಇದೇ.

ಲೆನ್ಸ್ ಇಲ್ಲದಿದ್ದರೆ ಎಲೆಯ ಕೆಳಗೆ ಬಿಳಿ ಹಾಳೆ ಹಿಡಿದು ಮೂರ್ನಾಲ್ಕು ಸಲ ತಟ್ಟಿ. ಬಿದ್ದ ಚುಕ್ಕೆಗಳಲ್ಲಿ ಯಾವುದಾದರೂ ನಡೆಯುತ್ತಿದ್ದರೆ ಅನುಮಾನವೇ ಬೇಡ. ಬಲೆ ಇದೆಯೋ ಇಲ್ಲವೋ ಗೊತ್ತಾಗದಿದ್ದರೆ ಸಣ್ಣಗೆ ನೀರು ಸಿಂಪಡಿಸಿ. ಎಳೆಗಳ ಮೇಲೆ ಹನಿ ನಿಂತು ತಾನಾಗೇ ಕಾಣುತ್ತದೆ.

ಇಲ್ಲಿ ಆಗುವ ತಪ್ಪು ಒಂದಿದೆ. ಎಲೆಯ ಮೇಲೆ ಬೆಳ್ಳಿಬಣ್ಣದ ಗೀರು, ಜೊತೆಗೆ ಮಿನುಗುವ ಕಪ್ಪು ಹಿಕ್ಕೆಯ ಚುಕ್ಕೆ ಇದ್ದರೆ ಅದು ಥ್ರಿಪ್ಸ್ ಅನ್ನುವ ಸಣ್ಣ ಕೀಟ. ಅದರ ಚಿಕಿತ್ಸೆ ಬೇರೆ. ಬಲೆ ಇದ್ದೂ ಎಲೆಯಲ್ಲಿ ಒಂದೂ ಚುಕ್ಕೆ ಇಲ್ಲದಿದ್ದರೆ ಯಾವುದೋ ಪಾಪದ ಜೇಡ ಮನೆ ಮಾಡಿರಬಹುದು. ಬಿಟ್ಟುಬಿಡಿ.

## ಹಂತ 2: ಗಿಡವನ್ನು ಬೇರೆ ಮಾಡಿ, ಅಕ್ಕಪಕ್ಕದ್ದನ್ನೂ ನೋಡಿ

ರೋಗದ ಗಿಡವನ್ನು ಬೇರೆ ಕೋಣೆಗೆ ಸಾಗಿಸಿ. ಅದು ಆಗದಿದ್ದರೆ ಎಲೆಗೆ ಎಲೆ ತಾಕದಷ್ಟು ದೂರ ಇಡಿ. ನುಸಿಗೆ ರೆಕ್ಕೆ ಇಲ್ಲ. ಆದರೆ ತಾಕಿಕೊಂಡ ಎಲೆಗಳ ಮೇಲೆ ನಡೆದು ಹೋಗುತ್ತದೆ, ಎಳೆ ಬಿಟ್ಟು ಗಾಳಿಯಲ್ಲಿ ತೇಲುತ್ತದೆ, ನಿಮ್ಮ ತೋಳಿಗೆ ಅಂಟಿಕೊಂಡು ಮುಂದಿನ ಕುಂಡಕ್ಕೆ ಬರುತ್ತದೆ. ಆ ಕೋಣೆಯ ಫ್ಯಾನನ್ನು ಸದ್ಯಕ್ಕೆ ಗಿಡದ ಕಡೆ ತಿರುಗಿಸಬೇಡಿ.

ಸಾಗಿಸುವಾಗ ಗಿಡದ ಮೇಲೆ ದೊಡ್ಡ ಪ್ಲಾಸ್ಟಿಕ್ ಚೀಲ ಮುಚ್ಚಿದರೆ ಒಳ್ಳೆಯದು. ಆಮೇಲೆ, ಹಿಂದೆ ಅದರ ಸುತ್ತ ಇದ್ದ ಪ್ರತಿ ಗಿಡವನ್ನೂ ಹಂತ 1ರಂತೆ ಪರೀಕ್ಷಿಸಿ. "ಅದು ಚೆನ್ನಾಗೇ ಇದೆ" ಅಂತ ದೂರದಿಂದ ತೀರ್ಮಾನ ಮಾಡಬೇಡಿ. ಮರಳಿ ಮರಳಿ ಸೋಲುವವರ ಮನೆಯಲ್ಲಿ ನುಸಿ ಇರುವುದು ಹೆಚ್ಚಾಗಿ ಚೆನ್ನಾಗಿ ಕಾಣುವ ಆ ಪಕ್ಕದ ಗಿಡದಲ್ಲೇ. ಇನ್ನು ಮುಂದೆ ದಿನದ ಕೆಲಸದಲ್ಲಿ ಆರೋಗ್ಯದ ಗಿಡಗಳನ್ನು ಮೊದಲು ಮುಟ್ಟಿ, ರೋಗದ್ದನ್ನು ಕೊನೆಗೆ.

## ಹಂತ 3: ಹೆಚ್ಚು ಕೆಟ್ಟ ಎಲೆಗಳನ್ನು ತೆಗೆಯಿರಿ

ಬಲೆ ಸುತ್ತಿಕೊಂಡ, ಅರ್ಧಕ್ಕಿಂತ ಜಾಸ್ತಿ ಬಿಳಿಚಿದ ಎಲೆಗಳನ್ನು ಕತ್ತರಿಸಿ ನೇರವಾಗಿ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ. ಕತ್ತರಿಸಿ ನೆಲಕ್ಕೆ ಬಿಟ್ಟು ಆಮೇಲೆ ಗುಡಿಸಿದರಾಯಿತು ಅಂದುಕೊಳ್ಳಬೇಡಿ. ಬಿದ್ದ ಎಲೆ ಒಣಗುತ್ತಿದ್ದ ಹಾಗೆ ನುಸಿಗಳು ಅದನ್ನು ಬಿಟ್ಟು ಹೊರಡುತ್ತವೆ. ಗೊಬ್ಬರದ ಗುಂಡಿಗೂ ಬೇಡ.

ಒಂದೇ ಸಲಕ್ಕೆ ಗಿಡವನ್ನು ಬೋಳು ಮಾಡಲೂಬೇಡಿ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಎಲೆ ತೆಗೆದರೆ ಚೇತರಿಸಿಕೊಳ್ಳುವ ಶಕ್ತಿ ಗಿಡಕ್ಕೆ ಉಳಿಯುವುದಿಲ್ಲ. ಸ್ವಲ್ಪ ಚುಕ್ಕೆ ಬಿದ್ದ ಎಲೆ ಇರಲಿ, ಅದನ್ನು ತೊಳೆಯಬಹುದು. ಕೆಲಸ ಮುಗಿದ ಮೇಲೆ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ.

ಇನ್ನೊಂದು ಮಾತು: ಮಣ್ಣು ಬದಲಾಯಿಸುವ ಅಗತ್ಯವಿಲ್ಲ. ಜೇಡ ನುಸಿ ಬದುಕುವುದು ಎಲೆಯ ಮೇಲೆ. ಮೊದಲೇ ಸೊರಗಿದ ಗಿಡದ ಬೇರು ಕದಡಿದರೆ ನಷ್ಟ ನಿಮ್ಮದೇ.

## ಹಂತ 4: ನೀರಿನಲ್ಲಿ ತೊಳೆಯಿರಿ

ನನ್ನ ಲೆಕ್ಕದಲ್ಲಿ ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಡುವ ಹಂತ ಇದು. ಜನ ಅವಸರದಲ್ಲಿ ಬಿಡುವುದೂ ಇದನ್ನೇ. ಔಷಧಿ ಬಾಟಲಿ ಕೈಯಲ್ಲಿದ್ದರೆ ಬರೀ ನೀರಿನ ಮೇಲೆ ಯಾರಿಗೂ ನಂಬಿಕೆ ಬರುವುದಿಲ್ಲ, ಅಲ್ವಾ?

ಕುಂಡದ ಮೇಲ್ಭಾಗವನ್ನು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ, ಕಾಂಡದ ಸುತ್ತ ಕಟ್ಟಿ. ಮಣ್ಣು ಚೆಲ್ಲುವುದಿಲ್ಲ, ಬೇರಿಗೆ ನೀರು ಜಾಸ್ತಿಯೂ ಆಗುವುದಿಲ್ಲ. ಬಚ್ಚಲಲ್ಲಿ ಗಿಡವನ್ನು ಓರೆಯಾಗಿ ಮಲಗಿಸಿ, ಉಗುರುಬೆಚ್ಚಗಿನ ನೀರನ್ನು ಶವರ್‌ನಿಂದ ಎಲೆಯ ಅಡಿಭಾಗಕ್ಕೆ ಬಿಡಿ. ಎಲೆ ಹರಿಯದಷ್ಟು, ಆದರೆ ಬಲೆ ಕಿತ್ತುಹೋಗುವಷ್ಟು ರಭಸ ಇರಬೇಕು. ಕುಂಡ ತಿರುಗಿಸುತ್ತಾ ನಾಲ್ಕೂ ಕಡೆ ತೊಳೆಯಿರಿ. ಅಗಲ ಎಲೆಯ ಗಿಡವಾದರೆ ಪ್ರತಿ ಎಲೆಯನ್ನೂ ಅಂಗೈ ಮೇಲೆ ಇಟ್ಟುಕೊಂಡು ಅಡಿಭಾಗವನ್ನು ಒದ್ದೆ ಬಟ್ಟೆಯಲ್ಲಿ ತೊಟ್ಟಿನಿಂದ ತುದಿಯ ಕಡೆಗೆ ಒರೆಸಿ. ಎರಡು-ಮೂರು ಎಲೆಗೊಮ್ಮೆ ಬಟ್ಟೆ ಜಾಲಾಡಿಸಿ. ಬಟ್ಟೆಯ ಮೇಲೆ ಹಳದಿ-ಕಂದು ಕಲೆ ಬರುತ್ತಿದ್ದರೆ ಕೆಲಸ ಸರಿಯಾಗಿ ಆಗುತ್ತಿದೆ.

ಬಲೆ ಹಾಗೇ ಬಿಟ್ಟು ಸ್ಪ್ರೇ ಮಾಡಿದರೆ ಏನಾಗುತ್ತದೆ ಗೊತ್ತೇ? ಹನಿಗಳು ಬಲೆಯ ಮೇಲೇ ನಿಂತು ಒಣಗುತ್ತವೆ. ಕೆಳಗಿನ ನುಸಿಗೆ ಏನೂ ತಾಕುವುದಿಲ್ಲ. ಅದಕ್ಕೇ ತೊಳೆಯುವುದು ಮೊದಲು, ಔಷಧಿ ಆಮೇಲೆ.

ಆಫ್ರಿಕನ್ ವಯಲೆಟ್‌ನಂಥ ರೋಮದ ಎಲೆಯ ಗಿಡಕ್ಕೆ ಶವರ್ ಬೇಡ, ನೀರು ನಿಂತು ಕಲೆಯಾಗುತ್ತದೆ. ಒಣ ಮೆತ್ತನೆಯ ಬ್ರಷ್‌ನಲ್ಲಿ ಅಡಿಭಾಗ ಉಜ್ಜಿ. ಹಾಗೆಯೇ ಹೂವು ಅರಳಿದ್ದರೆ ತೆಗೆದುಬಿಡಿ. ಹೂವಿನೊಳಗೆ ಅಡಗಿದ್ದನ್ನು ತೊಳೆದು ತೆಗೆಯಲು ಆಗುವುದಿಲ್ಲ.

## ಹಂತ 5: ಜಾಗ ಸ್ವಚ್ಛ ಮಾಡಿ

ಗಿಡ ಒಣಗುವಷ್ಟರಲ್ಲಿ ಅದು ಇದ್ದ ಜಾಗಕ್ಕೆ ಹೋಗಿ. ಕಿಟಕಿಯ ಚೌಕಟ್ಟು, ಸ್ಟ್ಯಾಂಡ್, ಕುಂಡದ ಅಂಚು, ಅಡಿಯ ತಟ್ಟೆ, ಆಸರೆಯ ಕೋಲು, ಕಟ್ಟಿದ ದಾರ ಎಲ್ಲವನ್ನೂ ಸೋಪಿನ ನೀರಿನಲ್ಲಿ ಒರೆಸಿ. ಹಳೆಯ ದಾರ ಬಿಸಾಡಿ. ಕುಂಡದ ಮೇಲೆ ಬಿದ್ದ ಒಣಗಿದ ಎಲೆ ಆರಿಸಿ ತೆಗೆಯಿರಿ.

ನುಸಿಗಳು ಕಿತ್ತಳೆ-ಕೆಂಪು ಬಣ್ಣಕ್ಕೆ ತಿರುಗಿದ್ದು ಕಂಡರೆ ಈ ಹಂತಕ್ಕೆ ಇನ್ನೂ ಹೆಚ್ಚು ಗಮನ ಕೊಡಿ. ಹಗಲು ಚಿಕ್ಕದಾಗಿ ಚಳಿ ಬಂದಾಗ ಎರಡು ಚುಕ್ಕೆಯ ನುಸಿಯ ಹೆಣ್ಣುಗಳು ಈ ಬಣ್ಣ ತಾಳಿ, ತಿನ್ನುವುದು ಬಿಟ್ಟು, ಬಿರುಕುಗಳಲ್ಲಿ ಅಡಗುತ್ತವೆ. ಆಗ ಎಲೆಗೆ ಹೊಡೆದ ಔಷಧಿ ಅವುಗಳ ಹತ್ತಿರವೂ ಸುಳಿಯುವುದಿಲ್ಲ. ಬೆಚ್ಚಗಾದ ಮೇಲೆ ಎದ್ದು ಬರುತ್ತವೆ.

## ಹಂತ 6: ಸ್ಪ್ರೇ ಮಾಡಿ

ಮೊದಲು ಒಂದು ಎಲೆಯ ಮೇಲೆ ಪರೀಕ್ಷೆ. 24ರಿಂದ 48 ಗಂಟೆ ಕಾಯಿರಿ. ಕಂದು ಕಲೆ, ಅಂಚು ಸುಡುವುದು, ಮುದುಡುವುದು ಕಂಡರೆ ಇನ್ನೂ ತೆಳ್ಳಗೆ ಮಾಡಿ ಅಥವಾ ಬೇರೆ ಔಷಧಿ ನೋಡಿ. ಜರೀಗಿಡ, ಪಾಯಿನ್‌ಸೆಟಿಯಾ ಮುಂತಾದವು ಸೋಪಿಗೆ ಬೇಗ ನೊಂದುಕೊಳ್ಳುತ್ತವೆ.

ಪೊಟ್ಯಾಶಿಯಂ ಸೋಪನ್ನು ಲೇಬಲ್‌ನಲ್ಲಿ ಹೇಳಿದಷ್ಟೇ ಬೆರೆಸಿ. ಸಾಮಾನ್ಯವಾಗಿ ಲೀಟರ್ ನೀರಿಗೆ 10ರಿಂದ 20 ಮಿಲಿಲೀಟರ್. ಗಡಸು ನೀರಾದರೆ ಸೋಪು ಒಡೆದು ಮೇಲೆ ಕೆನೆಯಂತೆ ತೇಲುತ್ತದೆ, ಅಂಥ ದ್ರಾವಣ ಕೆಲಸ ಮಾಡುವುದಿಲ್ಲ. ಫಿಲ್ಟರ್ ನೀರೋ ಮಳೆನೀರೋ ಬಳಸಿ.

ಬೇವಿನ ಎಣ್ಣೆಯಾದರೆ ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಮೊದಲು 1ರಿಂದ 2 ಮಿಲಿಲೀಟರ್ ಮೃದು ದ್ರವ ಸೋಪು ಬೆರೆಸಿ, ಆಮೇಲೆ 5 ಮಿಲಿಲೀಟರ್ ಎಣ್ಣೆ ಹಾಕಿ ಚೆನ್ನಾಗಿ ಕುಲುಕಿ. ನೀರು ಹಾಲಿನ ಬಣ್ಣಕ್ಕೆ ಬರಬೇಕು. ಎಣ್ಣೆ ಕಣ್ಣಿನ ಹಾಗೆ ಮೇಲೆ ತೇಲುತ್ತಿದ್ದರೆ ಇನ್ನೂ ಬೆರೆತಿಲ್ಲ ಅಂತ ಅರ್ಥ. ಹಾಗೇ ಹೊಡೆದರೆ ಮೊದಲರ್ಧ ಬರೀ ನೀರು, ಕೊನೆಯರ್ಧ ಬರೀ ಎಣ್ಣೆ ಬಿದ್ದು ಎಲೆ ಸುಡುತ್ತದೆ. ಸ್ಪ್ರೇ ಮಾಡುವಾಗಲೂ ನಡುನಡುವೆ ಕುಲುಕಿ. ಬೆರೆಸಿದ್ದನ್ನು ಅವತ್ತೇ ಮುಗಿಸಿ, ಉಳಿದದ್ದನ್ನು ಎತ್ತಿಡಬೇಡಿ. ಎಣ್ಣೆಗೆ ಸೋಪಿಗಿಂತ ಒಂದು ಅನುಕೂಲ ಇದೆ. ಅದು ಮೊಟ್ಟೆಯ ಮೇಲೂ ಪದರ ಕಟ್ಟಿ ಒಂದಷ್ಟನ್ನು ಉಸಿರುಗಟ್ಟಿಸುತ್ತದೆ.

ಹೊಡೆಯುವ ಕ್ರಮ ಹೀಗೆ. ಗಿಡಕ್ಕೆ ಮೊದಲೇ ನೀರು ಹಾಕಿರಬೇಕು, ಬಾಯಾರಿದ ಗಿಡಕ್ಕೆ ಸೋಪು-ಎಣ್ಣೆ ತಡೆಯುವುದಿಲ್ಲ. ಸಂಜೆಯ ಹೊತ್ತು ಆರಿಸಿ. ಬೆಳಕಿನ ದೀಪದಡಿ ಬೆಳೆಸುತ್ತಿದ್ದರೆ ದೀಪ ಆರಿದ ಮೇಲೆ. ಕೋಣೆ 32 ಡಿಗ್ರಿಗಿಂತ ಬಿಸಿ ಇದ್ದರೆ ಬೇಡ. ಬಾಟಲಿನ ಮೂತಿ ಮೇಲ್ಮುಖವಾಗಿ ಹಿಡಿದು, ಕೆಳಗಿನ ಎಲೆಯಿಂದ ಶುರು ಮಾಡಿ, ಅಡಿಭಾಗದಿಂದ ಹನಿ ತೊಟ್ಟಿಕ್ಕುವವರೆಗೆ ಹೊಡೆಯುತ್ತಾ ಮೇಲೆ ಹೋಗಿ. ಆಮೇಲೆ ಕಾಂಡ, ತೊಟ್ಟು. ಎಲೆಯ ಮೇಲ್ಭಾಗ ಕೊನೆಗೆ. ಸೋಪು ಒದ್ದೆಯಾಗಿರುವಷ್ಟು ಹೊತ್ತು ಮಾತ್ರ ಕೊಲ್ಲುತ್ತದೆ. ಎಲ್ಲಿ ತಾಕಲಿಲ್ಲವೋ ಅಲ್ಲಿ ನುಸಿ ಬದುಕಿತು.

ತಿನ್ನುವ ಸೊಪ್ಪಿನ ಗಿಡಗಳಿಗೆ ತಿನ್ನುವ ಬೆಳೆಗೆ ಸರಿ ಅಂತ ಲೇಬಲ್‌ನಲ್ಲಿ ಬರೆದ ಔಷಧಿಯನ್ನಷ್ಟೇ ಬಳಸಿ.

## ಹಂತ 7: ಕ್ಯಾಲೆಂಡರ್ ಹಿಡಿದು ಮತ್ತೆ ಮಾಡಿ

ಇಲ್ಲೇ ಹತ್ತರಲ್ಲಿ ಒಂಬತ್ತು ಮಂದಿ ಸೋಲುವುದು ಅಂತ ಧೈರ್ಯವಾಗಿ ಹೇಳುತ್ತೇನೆ. ಮೊದಲ ಸ್ಪ್ರೇ ಆದ ಮೇಲೆ ನುಸಿ ಕಾಣುವುದಿಲ್ಲ, ಗೆದ್ದೆವು ಅನ್ನಿಸುತ್ತದೆ, ಬಾಟಲಿ ಕಪಾಟು ಸೇರುತ್ತದೆ. ಎಲೆಯ ಅಡಿಯಲ್ಲಿ ಮೊಟ್ಟೆಗಳು ಹಾಗೇ ಇರುತ್ತವೆ.

ಕೋಣೆ 25 ಡಿಗ್ರಿ ಮೇಲಿದ್ದರೆ 3-4 ದಿನಕ್ಕೊಮ್ಮೆ, 20ರ ಆಸುಪಾಸಿದ್ದರೆ 5-7 ದಿನಕ್ಕೊಮ್ಮೆ ಸ್ಪ್ರೇ ಮಾಡಿ. ಬೆಚ್ಚಗಿನ ಕೋಣೆಯ ಉದಾಹರಣೆ: 1ನೇ ದಿನ ಮೊದಲನೆಯದು, ಆಮೇಲೆ 5, 9, 13, 17ನೇ ದಿನ. ಪ್ರತಿ ಸಲವೂ ಮೊದಲು ನೀರಿನಲ್ಲಿ ತೊಳೆದು, ಎಲೆ ಒಣಗಿದ ಮೇಲೆ ಸ್ಪ್ರೇ. ಎಲೆ ನೊಂದುಕೊಂಡಂತೆ ಕಂಡರೆ ಒಂದು ಸಲದ ಔಷಧಿ ಬಿಟ್ಟು ಬರೀ ನೀರಿನಲ್ಲಿ ತೊಳೆಯಿರಿ, ಆದರೆ ದಿನ ತಪ್ಪಿಸಬೇಡಿ. ಊರಿಗೆ ಹೋಗುವ ಕೆಲಸ ಇದ್ದರೆ ಬಂದ ಮೇಲೆ ಶುರು ಮಾಡಿ. ನಡುವೆ ಹತ್ತು ದಿನ ಬಿಟ್ಟರೆ ಮತ್ತೆ ಒಂದರಿಂದ ಎಣಿಸಬೇಕಾಗುತ್ತದೆ.

ಈ ದಿನಗಳಲ್ಲಿ ಗೊಬ್ಬರ ಹಾಕಬೇಡಿ, ಅದರಲ್ಲೂ ಸಾರಜನಕ ಜಾಸ್ತಿ ಇರುವುದನ್ನು. ಸಾರಜನಕ ತುಂಬಿದ ಎಳೆ ಎಲೆಯಲ್ಲಿ ನುಸಿ ಇನ್ನೂ ಬೇಗ ಹೆಚ್ಚುತ್ತದೆ. ಒಣ ಬಿಸಿಗಾಳಿ ಬರುವ ಜಾಗದಿಂದ ಗಿಡ ಸರಿಸಿ. ದಿನಕ್ಕೆರಡು ಸಲ ನೀರು ಚಿಮುಕಿಸುವುದರಿಂದಲೇ ನುಸಿ ಹೋಗುತ್ತದೆ ಅನ್ನುವ ಮಾತು ನಂಬಬೇಡಿ. ಆ ತೇವ ಕೆಲವೇ ನಿಮಿಷದಲ್ಲಿ ಆರಿಹೋಗುತ್ತದೆ.

## ಹಂತ 8: ಬಗ್ಗದಿದ್ದರೆ ಮುಂದಿನ ದಾರಿ

ಐದು ಸ್ಪ್ರೇ ಸರಿಯಾಗಿ ಆದ ಮೇಲೂ ಓಡಾಡುವ ನುಸಿ ಕಾಣುತ್ತಿದ್ದರೆ ಎರಡು ದಾರಿ ಇವೆ.

ಒಂದು, ನುಸಿ ತಿನ್ನುವ ನುಸಿ. ಫೈಟೋಸೆಯುಲಸ್ ಪರ್ಸಿಮಿಲಿಸ್ ಅನ್ನುವ ಕಿತ್ತಳೆ ಬಣ್ಣದ ಪರಭಕ್ಷಕ ನುಸಿ ಬಲೆಯೊಳಗೇ ನುಗ್ಗಿ ಮೊಟ್ಟೆ, ಮರಿ, ದೊಡ್ಡದು ಎಲ್ಲವನ್ನೂ ತಿನ್ನುತ್ತದೆ. 20ರಿಂದ 27 ಡಿಗ್ರಿ, ಶೇ. 60ಕ್ಕಿಂತ ಹೆಚ್ಚು ತೇವ ಇದ್ದರೆ ಚೆನ್ನಾಗಿ ಕೆಲಸ ಮಾಡುತ್ತದೆ. ತಿನ್ನಲು ಜೇಡ ನುಸಿ ಮುಗಿದರೆ ತಾನೂ ಉಳಿಯುವುದಿಲ್ಲ. ಕೋಣೆ ಒಣಗಿದ್ದರೆ ನಿಯೋಸೆಯುಲಸ್ ಕ್ಯಾಲಿಫೋರ್ನಿಕಸ್ ಹೆಚ್ಚು ತಾಳಿಕೊಳ್ಳುತ್ತದೆ. ಇವನ್ನು ಬಿಡುವ ಮುಂಚೆ ಗಿಡ ತೊಳೆದು ಔಷಧಿಯ ಅಂಶ ತೆಗೆಯಿರಿ. ಬಿಟ್ಟ ಮೇಲೆ ಸ್ಪ್ರೇ ನಿಲ್ಲಿಸಿ. ಎರಡನ್ನೂ ಒಟ್ಟಿಗೆ ಮಾಡುವುದೆಂದರೆ ಅವನ್ನು ತಂದು ನಿಮ್ಮ ಕೈಯಾರೆ ಕೊಂದ ಹಾಗೆ.

ಇನ್ನೊಂದು, ನುಸಿನಾಶಕ. ಕೀಟನಾಶಕ ಅಂತ ಬರೆದದ್ದೆಲ್ಲ ನುಸಿಗೆ ಆಗುವುದಿಲ್ಲ, ಇದನ್ನು ಗಟ್ಟಿಯಾಗಿ ನೆನಪಿಡಿ. ಮಣ್ಣಿಗೆ ಹಾಕುವ ಇಮಿಡಾಕ್ಲೋಪ್ರಿಡ್ ಜೇಡ ನುಸಿಯನ್ನು ಕೊಲ್ಲುವುದಿಲ್ಲ. ಅದನ್ನು ಹಾಕಿದ ಮೇಲೆ ನುಸಿ ಹೆಚ್ಚಿದ್ದೂ ಉಂಟು. ಪೈರೆಥ್ರಾಯ್ಡ್ ಸ್ಪ್ರೇಗಳು ನುಸಿಯ ಶತ್ರುಗಳನ್ನು ಮೊದಲು ಸಾಯಿಸುತ್ತವೆ. ಲೇಬಲ್‌ನಲ್ಲಿ ನುಸಿಯ ಹೆಸರು ಇರಬೇಕು, ಮನೆಯೊಳಗಿನ ಅಲಂಕಾರದ ಗಿಡಕ್ಕೆ ಬಳಸಬಹುದು ಅಂತಲೂ ಇರಬೇಕು. ಹೆಕ್ಸಿಥಯಾಜಾಕ್ಸ್, ಎಟಾಕ್ಸಜೋಲ್‌ನಂಥವು ಮೊಟ್ಟೆ-ಮರಿಗಳ ಮೇಲೆ ಕೆಲಸ ಮಾಡುತ್ತವೆ, ಬೆಳೆದದ್ದನ್ನು ಕೊಲ್ಲುವುದಿಲ್ಲ. ಅದು ಗೊತ್ತಿಲ್ಲದೆ "ಔಷಧಿ ನಕಲಿ" ಅಂತ ಬೈಯುವವರು ಬಹಳ.

ಈ ನುಸಿ 90ಕ್ಕೂ ಹೆಚ್ಚು ರಾಸಾಯನಿಕಗಳಿಗೆ ನಿರೋಧಕತೆ ಬೆಳೆಸಿಕೊಂಡಿದೆ. ಹಾಗಾಗಿ ಒಂದೇ ಔಷಧಿ ಮತ್ತೆ ಮತ್ತೆ ಬೇಡ. ಬ್ರಾಂಡ್ ಬದಲಾಯಿಸಿದರೆ ಸಾಲದು, ಔಷಧಿ ಕೊಲ್ಲುವ ಬಗೆ ಯಾವುದೆಂದು ಹೇಳುವ, ಲೇಬಲ್ ಮೇಲಿನ ಗುಂಪಿನ ಸಂಖ್ಯೆ ಬದಲಾಗಬೇಕು. ಗಿಡವನ್ನು ಹೊರಗೆ ಒಯ್ದು, ಕೈಗವಸು, ಮಾಸ್ಕ್ ಹಾಕಿ ಹೊಡೆದು, ಪೂರ್ತಿ ಒಣಗಿದ ಮೇಲೆ ಒಳಗೆ ತನ್ನಿ. ಮೀನಿನ ತೊಟ್ಟಿ, ಮಕ್ಕಳು, ಸಾಕುಪ್ರಾಣಿಗಳಿಂದ ದೂರ. ಗಂಧಕದ ಪುಡಿ ಬಳಸುವುದಾದರೆ ಎಣ್ಣೆ ಹೊಡೆದು ಕನಿಷ್ಠ ಎರಡು-ಮೂರು ವಾರ ಆಗಿರಬೇಕು. ಎರಡೂ ಸೇರಿದರೆ ಎಲೆ ಸುಟ್ಟುಹೋಗುತ್ತದೆ.

## ಹಂತ 9: ಮುಗಿಯಿತು ಅಂತ ಹೇಗೆ ಗೊತ್ತಾಗುತ್ತದೆ

ಹಳೆಯ ಚುಕ್ಕೆಗಳು ಮತ್ತೆ ಹಸಿರಾಗುವುದಿಲ್ಲ. ಅದನ್ನು ನೋಡಿ ಔಷಧಿ ಹೆಚ್ಚಿಸಿದರೆ ಗಿಡ ಸಾಯುವುದು ಔಷಧಿಯಿಂದಲೇ. ನೋಡಬೇಕಾದ್ದು ಹೊಸ ಚಿಗುರು. ಇನ್ನೂ ಸರಿಯಾಗಿ ತಿಳಿಯಬೇಕೆಂದರೆ ಮೂರ್ನಾಲ್ಕು ಎಲೆಯ ತೊಟ್ಟಿಗೆ ದಾರ ಕಟ್ಟಿ, ಚುಕ್ಕೆ ಎಲ್ಲಿವರೆಗಿದೆ ಅಂತ ಫೋಟೋ ತೆಗೆದಿಡಿ. ವಾರದ ನಂತರ ಹೋಲಿಸಿ.

ಕೊನೆಯ ಜೀವಂತ ನುಸಿ ಕಂಡ ದಿನದಿಂದ ಎರಡು ವಾರ ಕೆಲಸ ಮುಂದುವರಿಸಿ. ಆಮೇಲೆ ವಾರಕ್ಕೊಮ್ಮೆ ಲೆನ್ಸ್ ಹಿಡಿದು ನೋಡಿ. ಮೂರು ವಾರ ಸತತವಾಗಿ ಹಾಳೆ ಖಾಲಿ ಇದ್ದರೆ ಗಿಡವನ್ನು ಹಳೆಯ ಜಾಗಕ್ಕೆ ತರಬಹುದು. ತಂಪು ಕೋಣೆಯಾದರೆ ಐದು ವಾರ ಕಾಯುವುದು ಕ್ಷೇಮ.

ಅಪಾಯದ ಸೂಚನೆಯೂ ಒಂದಿದೆ. ಚಿಗುರಿನ ತುದಿಯಲ್ಲಿ ನುಸಿಗಳು ರಾಶಿ ಬಿದ್ದು, ಬಲೆ ತುದಿಯಿಂದ ಜೋತಾಡುತ್ತಿದ್ದರೆ ಅವು ಗುಳೆ ಹೊರಟಿವೆ ಅಂತ ಅರ್ಥ. ಆ ಗಿಡದಲ್ಲಿ ಅರ್ಧಕ್ಕಿಂತ ಹೆಚ್ಚು ಎಲೆ ಹಾಳಾಗಿದ್ದರೆ, ಅದು ಅಪರೂಪದ್ದೋ ಅಚ್ಚುಮೆಚ್ಚಿನದೋ ಅಲ್ಲದಿದ್ದರೆ, ಇದ್ದಲ್ಲೇ ಚೀಲ ಮುಚ್ಚಿ, ಕಟ್ಟಿ ಬಿಸಾಡಿ. ಮಿಕ್ಕ ಗಿಡಗಳು ಉಳಿಯುತ್ತವೆ. ಅದರ ಕಡ್ಡಿ ತೆಗೆದು ಹೊಸದು ಮಾಡುವ ಆಸೆ ಇದ್ದರೆ ಕಡ್ಡಿಯ ಎಲೆಗಳನ್ನೆಲ್ಲ ತೆಗೆದು, ಸೋಪಿನ ನೀರಿನಲ್ಲಿ ತೊಳೆದು, ಬೇರೆ ಕೋಣೆಯಲ್ಲಿ ನೆಡಿ.

ಯಾವುದೇ ಹೊಸ ಗಿಡ ಮನೆಗೆ ಬಂದರೂ ಎರಡು-ಮೂರು ವಾರ ಒಂಟಿಯಾಗಿಡಿ. ಬಂದ ದಿನವೇ ಒಮ್ಮೆ ಅಡಿಭಾಗ ತೊಳೆಯಿರಿ, ವಾರಕ್ಕೊಮ್ಮೆ ಹಾಳೆ ತಟ್ಟಿ ನೋಡಿ. ಉಡುಗೊರೆಯಾಗಿ ಬಂದದ್ದಕ್ಕೂ ಇದೇ ನಿಯಮ. ಕೊಟ್ಟವರು ಏನಂದುಕೊಳ್ಳುತ್ತಾರೋ ಅಂತ ನೇರ ಕಿಟಕಿಯ ಸಾಲಿಗೆ ಇಡಬೇಡಿ.